ಟಿಕಳಿಯ ಕೆಳಗಿನ ಬಣ್ಣ

ಮೂವತ್ತಮೂರು ವರ್ಷ ವಾಡಿ ಜಂಕ್ಷನ್ನಿನಲ್ಲಿ ಟಿಕೆಟ್ ತಪಾಸಣೆ ಮಾಡಿದವನು ನಾನು. ಹೆಸರು ಶಿವರಾಯ, ಆದರೆ ಊರು ಕರೆಯುವುದು ಟಿಸಿ ಸಾಹೇಬ್ರು ಅಂತ. ಟಿಕೆಟ್ ಇಲ್ಲದವನು ಡಬ್ಬಿಯ ಯಾವ ಮೂಲೆಯಲ್ಲಿ ಅಡಗಿದ್ದರೂ ನನ್ನ ಮೂಗಿಗೆ ಬಡಿಯುತ್ತಿತ್ತು. ಕಣ್ಣು ಮುಚ್ಚಿ ನಿದ್ದೆ ನಟಿಸುವವನನ್ನು ಯಾರು ಬೇಕಾದರೂ ಹಿಡಿದಾರು. ನಾನು ಕೇಳುವ ಮೊದಲೇ ಸರಿದು ಜಾಗ ಕೊಟ್ಟು ‘ನಮಸ್ಕಾರ್ರಿ ಸಾಹೇಬ್ರ, ಕುಂದ್ರಿ’ ಅನ್ನುತ್ತಾನಲ್ಲ, ಅವನೇ ಪಕ್ಕಾ ಕಳ್ಳ. ಈ ಮಾತನ್ನು ನನ್ನ ಕೈಕೆಳಗೆ ಕಲಿತ ಹುಡುಗರಿಗೆಲ್ಲ ಹೇಳಿಕೊಟ್ಟಿದ್ದೇನೆ.

ಹಾಗಾಗಿ ಶಹಾಬಾದಿನ ಗುಲಾಮ್ ರಸೂಲ್ ನನ್ನನ್ನು ಕಂಡ ಕೂಡಲೇ ಎದ್ದು ನಿಂತು, ಕುರ್ಚಿಯನ್ನು ತನ್ನ ಹೆಗಲ ಮೇಲಿನ ಬಟ್ಟೆಯಿಂದ ಒರೆಸಿ, “ಬರ್ರಿ ಸಾಹೇಬ್ರ, ಕುಂದ್ರಿ, ಬಿಸಲಾಗ ಬಂದೀರಿ” ಎಂದಾಗ ನನಗೆ ಒಳಗೊಳಗೇ ಅನಿಸಿತು: ಇವನ ಹತ್ತಿರ ಟಿಕೆಟ್ ಇಲ್ಲ.

ಕಾರಿನ ಕಥೆ ಮೊದಲು ಹೇಳಬೇಕು. ನಮ್ಮದು ತೊಂಬತ್ತರ ಮಾಡೆಲ್ಲಿನ ಕಾಂಟೆಸ್ಸಾ. ಸಿಮೆಂಟ್ ಕಂಪನಿಯ ಸಾಹೇಬರೊಬ್ಬರು ವರ್ಗವಾಗಿ ಹೋಗುವಾಗ ಮಾರಿದ್ದು, ತೊಂಬತ್ತಾರರಲ್ಲಿ ತೆಗೆದುಕೊಂಡೆವು. ತೆಗೆದುಕೊಂಡೆವು ಎಂದೆ, ಖರೆ ಹೇಳಬೇಕೆಂದರೆ ನನ್ನ ಹೆಂಡತಿ ಭೀಮಬಾಯಿ ತೆಗೆದುಕೊಂಡಳು. ಕುರಕುಂಟಾದ ತವರಿನ ಹೊಲದಲ್ಲಿ ಅವಳ ಪಾಲಿಗೆ ಬಂದದ್ದನ್ನು ಇದಕ್ಕೆ ಹಾಕಿದ್ದಳು. ‘ಗಾಡಿ ನಂದು, ಡ್ರೈವರ್ ನೀವು’ ಎಂದು ಜಗಳವಾದಾಗಲೆಲ್ಲ ನೆನಪು ಮಾಡಿಕೊಡುತ್ತಿದ್ದಳು. ಊರವರು ಮಾತ್ರ ಟಿಸಿ ಎಲ್ಲೋ ಕೈ ಬೆಚ್ಚಗೆ ಮಾಡಿಕೊಂಡಿದ್ದಾನೆ ಎಂದು ಆಡಿಕೊಂಡರು. ಆಡಿಕೊಳ್ಳಲಿ, ನನಗೇನು.

ಗಾಡಿ ಮನೆಗೆ ಬಂದ ದಿನ ಪೂಜೆ ಮಾಡುವಾಗ ಕುಂಕುಮದ ಬಟ್ಟಲು ಕೈಗೆ ಸಿಗಲಿಲ್ಲ. ಭೀಮಬಾಯಿ ಒಳಗೆ ಹೋಗಿ ಹುಡುಕುವ ಹೆಂಗಸಲ್ಲ. ಹಣೆಯ ಮೇಲಿನ ಟಿಕಳಿಯನ್ನೇ ಚಟ್ಟನೆ ಕಿತ್ತು ತನ್ನ ಸೀಟಿನ ಮುಂದಿದ್ದ ಖಾನೆಯ ಮುಚ್ಚಳಕ್ಕೆ ಅಂಟಿಸಿಬಿಟ್ಟಳು. ಕಡುಗೆಂಪು ಮಖಮಲ್ಲಿನದು, ರೂಪಾಯಿಯಷ್ಟು ಅಗಲ. ‘ಗಾಡಿಗೂ ಮುತ್ತೈದೆತನ ಬಂತು ನೋಡ್ರಿ’ ಎಂದು ನಕ್ಕಳು. ಆಮೇಲೆ ಪ್ರತಿವರ್ಷ ದಸರೆಯ ಖಂಡೇ ಪೂಜೆಗೆ ಹಳೆಯ ಟಿಕಳಿಯನ್ನು ತೆಗೆಯದೆ ಅದರ ಮೇಲೆಯೇ ಹೊಸದೊಂದು ಒತ್ತುವುದು ರೂಢಿಯಾಯಿತು. ಅಂಟಿ ಅಂಟಿ ಅದು ಕೋಟಿನ ಗುಂಡಿಯ ಹಾಗೆ ದಪ್ಪವಾಯಿತು. ಮೂರು ವರ್ಷದ ಹಿಂದೆ ಅವಳು ಹೋದಳು. ಮನೆಯಲ್ಲಿ ಫೋಟೋ ಇದೆ, ಸೀರೆಗಳಿವೆ, ಆದರೆ ಅವಳ ಬೆರಳು ಒತ್ತಿದ್ದು ಹಾಗೇ ಉಳಿದದ್ದು ಅದೊಂದೇ.

ನಮ್ಮ ಕಡೆಯ ಬಿಸಿಲು ನಿಮಗೆ ಗೊತ್ತಿದ್ದದ್ದೇ. ಕಬ್ಬಿಣ ಕರಗಲಿಲ್ಲ ಎಂಬುದೇ ಪುಣ್ಯ, ಪ್ಲಾಸ್ಟಿಕ್ಕಿನ ಪಾಡೇನು? ಡ್ಯಾಶ್‌ಬೋರ್ಡು, ಬಾಗಿಲಿನ ಪಟ್ಟಿಗಳು, ಆ ಮುಚ್ಚಳ ಎಲ್ಲ ಬಿಳಿಚಿ, ಮುಟ್ಟಿದರೆ ಬೆರಳಿಗೆ ಸುಣ್ಣದಂಥ ಪುಡಿ ಹತ್ತುತ್ತಿತ್ತು. ಭೀಮಬಾಯಿ ಇದ್ದಾಗ ವಾರಕ್ಕೊಮ್ಮೆ ಕೊಬ್ಬರಿ ಎಣ್ಣೆ ಹಚ್ಚಿ ಒರೆಸುತ್ತಿದ್ದಳು, ನಾನೂ ಹಾಗೇ ನಡೆಸಿಕೊಂಡು ಬಂದೆ. ಈ ಬೇಸಿಗೆಯಲ್ಲಿ ನೋಡಿದರೆ ಮುಚ್ಚಳದ ಮೂಲೆ ಸೊಟ್ಟಗಾಗಿ ಮೇಲೆದ್ದಿತ್ತು. ಇನ್ನೊಂದು ಬೇಸಿಗೆ ತಡೆಯುವುದಿಲ್ಲ, ಟಿಕಳಿ ಸಮೇತ ಪುಡಿಯಾಗುತ್ತದೆ ಎಂದು ಹೆದರಿಕೆ ಹತ್ತಿತು. ನನಗೆ ಆ ಮುಚ್ಚಳ ಬೇಕಿತ್ತು. ಅಂಥದ್ದಲ್ಲ, ಅದೇ.

ಓಣಿಯ ರಮೇಶಕುಮಾರ ಪಾರ್ಸಲ್ ಆಫೀಸಿನಲ್ಲಿ ಕ್ಲಾರ್ಕ್ ಆಗಿ ನನ್ನ ಜೊತೆಗೇ ರಿಟೈರ್ ಆದವನು. ಅವನ ಕಿವಿಗೆ ಬಿದ್ದ ಮಾತು ಸಂಜೆಯೊಳಗೆ ಊರಿಗೆ ಬಿದ್ದಿರುತ್ತದೆ. ಅವನೇ ರಸೂಲನ ಹೆಸರು ಹೇಳಿದ್ದು, ಹೇಳಿ ಅದರ ಬೆನ್ನಿಗೇ ಹುಳ ಬಿಟ್ಟದ್ದೂ ಅವನೇ.

“ಹಳೇ ಗಾಡಿ ಒಳಗಿನ ಪ್ಲಾಸ್ಟಿಕ್ ಕೆಲಸಕ್ಕ ಅವನಂಥ ಕೈ ಈ ಜಿಲ್ಲಾದಾಗ ಇಲ್ಲ, ಖರೆ. ಆದ್ರ ಹುಷಾರ್ ಇರು ಶಿವರಾಯ. ಈ ಮಂದಿ ಏನ್ ಮಾಡ್ತಾರ ಗೊತ್ತದೇನು? ನಿನ್ನ ಒರಿಜಿನಲ್ ಸಾಮಾನ ಬಿಚ್ಚಿ ಇಟ್ಕೋತಾರ, ಯಾವ್ದೋ ಗುಜರಿ ಗಾಡೀದು ತಂದು ಬಣ್ಣ ಬಳದು ಕೂಡಸ್ತಾರ. ನಿನಗ ಪತ್ತೇನೇ ಹತ್ತಂಗಿಲ್ಲ.”

“ನನಗ ಪತ್ತೆ ಹತ್ತಂಗಿಲ್ಲ?” ಎಂದೆ. ಮೈಯೆಲ್ಲ ಉರಿಯಿತು. “ಹತ್ತೂ ಹಂಗ ಮಾಡ್ತೀನಿ ತಡಿ.”

ಟ್ರಂಕಿನ ತಳದಲ್ಲಿ ನನ್ನ ಹಳೆಯ ಪಂಚು ಇತ್ತು. ಟಿಕೆಟ್ಟಿನ ಅಂಚನ್ನು ಕಚ್ಚುವ ಇಕ್ಕಳ. ಒಬ್ಬೊಬ್ಬರ ಪಂಚಿಗೆ ಒಂದೊಂದು ಆಕಾರದ ಹಲ್ಲು ಇರುತ್ತಿತ್ತು, ನನ್ನದು ಅರ್ಧಚಂದ್ರ. ನಾನು ಕಚ್ಚಿದ ಟಿಕೆಟ್ಟನ್ನು ಗುಂತಕಲ್ಲಿನಲ್ಲಿ ತೋರಿಸಿದರೂ ‘ಇದು ವಾಡಿ ಶಿವರಾಯಂದು’ ಅನ್ನುತ್ತಿದ್ದರು. ಮಧ್ಯಾಹ್ನ ಓಣಿಯವರೆಲ್ಲ ಊಟ ಮಾಡಿ ಮಲಗಿದ್ದಾಗ ಕಾರಿನೊಳಗೆ ಕುಳಿತು ಐದು ತುಂಡುಗಳ ಹಿಂಬದಿಯ ತೆಳು ಅಂಚನ್ನು ಒಂದೊಂದು ಸಲ ಕಚ್ಚಿದೆ. ಬಾಗಿಲಿನ ಎರಡು ಪಟ್ಟಿ, ಗೇರಿನ ಸುತ್ತಲಿನ ಚೌಕಟ್ಟು, ಡ್ಯಾಶ್‌ಬೋರ್ಡಿನ ಬಲತುದಿಯ ಪಟ್ಟಿ, ಕೊನೆಗೆ ಆ ಮುಚ್ಚಳ. ನಾಲ್ಕು ತುಂಡು ಟಕ್ ಎಂದವು. ಮುಚ್ಚಳ ಕಿರ್ ಎಂದಿತು. ಪಂಚಿಗೆ ತುಕ್ಕು ಹಿಡಿದಿರಬೇಕು ಎಂದುಕೊಂಡು ಜೇಬಿಗೆ ಹಾಕಿಕೊಂಡೆ. ಇನ್ನು ಯಾವ ಮಗ ನನ್ನ ಸಾಮಾನು ಬದಲಾಯಿಸುತ್ತಾನೋ ನೋಡೇಬಿಡೋಣ ಎಂಬ ಖುಷಿ ಬೇರೆ.

ರಸೂಲನ ಶೆಡ್ಡು ಶಹಾಬಾದಿನಲ್ಲಿ ಫರಸಿ ಕಲ್ಲು ಪಾಲಿಶ್ ಮಾಡುವ ಮಿಲ್ಲಿನ ಪಕ್ಕಕ್ಕಿದೆ. ಗೋಡೆಯೂ ಫರಸಿಯದೇ, ನೆಲವೂ ಅದೇ. ಹಿಂದೆಯೇ ಮನೆ, ನಡುವೆ ಒಂದು ಪರದೆ. ಅರವತ್ತರ ಆಸುಪಾಸಿನ ಸಣಕಲು ಮನುಷ್ಯ, ಕನ್ನಡಕದ ಒಂದು ಕಾಲಿಗೆ ದಾರ ಸುತ್ತಿದ್ದ. ಕಾರಿನ ಬಾಗಿಲು ತೆಗೆದವನೇ ಒಳಗೆ ತಲೆ ಹಾಕಿ ಮೂಸಿ ನೋಡಿದ.

“ಕೊಬ್ಬರಿ ಎಣ್ಣಿ ಹಚ್ಚೀರೇನ್ರಿ ಇದಕ್ಕ?”

“ಹಚ್ಚೀನಿ. ನಮ್ಮ ಗಾಡಿ, ನಮ್ಮ ಎಣ್ಣಿ.”

“ತಲಿಗಿ ಛಲೋರಿ ಅದು, ಪ್ಲಾಸ್ಟಿಕಕ್ಕ ಅಲ್ಲ. ಎಣ್ಣಿ ಕುಡದು, ಅದರ ಮ್ಯಾಲ ಸಿಮೆಂಟ್ ಧೂಳ ಕುಡದು ಕುಂತದ ನೋಡ್ರಿ. ಮೊದಲು ಸಾಬೂನು ನೀರಾಗ ತೊಳದು, ಆಮ್ಯಾಲ ಜರಾ ಬಿಸಿ ಗಾಳಿ ಕೊಟ್ಟು ಎಣ್ಣಿ ಹೊರಗ ತೆಗೀಬೇಕು. ಅದಾದ ಮ್ಯಾಲೇ ಬಣ್ಣ. ಮ್ಯಾಲ ಬಳಿಯೂದಲ್ರಿ ನಂದು, ಒಳಗ ಇಳಸೂದು.”

“ಯಾವ ಬಣ್ಣ ಹಚ್ಚತಿ?”

“ನೀವೇ ಹೇಳ್ರಿ, ಯಾವ ಬಣ್ಣ ಇತ್ತು?”

“ಬಿಸ್ಕೀಟ್ ಬಣ್ಣ. ಕಣ್ಣಿಗಿ ಕಾಣಸವಲ್ದೇನು?”

ಅವನು ತಲೆ ಅಲ್ಲಾಡಿಸಿದ. “ಇದು ಬಿಸಲು ಮಾಡಿದ ಬಣ್ಣರಿ ಸಾಹೇಬ್ರ. ಕಂಪನಿ ಬಣ್ಣ ಬ್ಯಾರೆ ಇರ್ತದ. ಬಿಸಲು ಬೀಳಲಾರದ ಜಾಗ ಎಲ್ಲರ ಸಿಕ್ರ ತಿಳೀತದ.” ತುಂಡುಗಳ ಹಿಂಬದಿ ನೋಡಿದ, ಕಪ್ಪು. ಬಣ್ಣ ಇದ್ದದ್ದು ಮುಖಕ್ಕೆ ಮಾತ್ರ. ಸಿಗರೇಟಿನ ಬೂದಿ ಡಬ್ಬಿ ಕಿತ್ತು ಅದರ ಸಂದಿಯಲ್ಲಿ ನೋಡಿದ, ಅಲ್ಲೂ ಧೂಳು ತಿಂದುಹಾಕಿತ್ತು. ಕೊನೆಗೆ ಅವನ ಬೆರಳು ಟಿಕಳಿಯ ಹತ್ತಿರ ಹೋಯಿತು.

“ಏಯ್! ಅದನ್ನ ಮುಟ್ಟಬ್ಯಾಡ!” ನಾನು ಚೀರಿದ ರಭಸಕ್ಕೆ ಮಿಲ್ಲಿನ ಆಳುಗಳು ಕೆಲಸ ನಿಲ್ಲಿಸಿ ಇಣುಕಿದರು.

ರಸೂಲ ಕೈ ಹಿಂದಕ್ಕೆ ತೆಗೆದ. “ಯಾರದ್ರಿ?”

“ನಮ್ಮ ಮನಿಯವರದು. ಈಗಿಲ್ಲ.”

ಅವನು ಬಗ್ಗಿ ಟಿಕಳಿಯನ್ನು ಮುಟ್ಟದೆ ನೋಡಿದ. “ಮುಚ್ಚಳ ತಯಾರ ಮಾಡೂದಾದ್ರ ಇದನ್ನ ಎಬ್ಬಸಲೇ ಬೇಕ್ರಿ. ಬಿಸಿ ಗಾಳಿಗಿ ಇದು ಸುಟ್ಟು ಹೋಗ್ತದ. ನಮ್ಮ ಮನಿಯಾಕಿ ಕೈ ಹಗುರ ಅದ, ಆಕಿ ಕಡೆಯಿಂದ ಎಬ್ಬಸಿ ಇಟ್ಟು ನಿಮಗ ಕೊಡ್ತೀನಿ. ನಂಬ್ರಿ ನನ್ನ.”

ನಂಬ್ರಿ! ಈ ಮಾತು ಹೇಳಿದವರನ್ನೆಲ್ಲ ನಾನು ಮುಂದಿನ ಸ್ಟೇಷನ್ನಿನಲ್ಲಿ ಇಳಿಸಿದ್ದೇನೆ. ಆದರೂ ಬೇರೆ ದಾರಿ ಇರಲಿಲ್ಲ. “ಅದೇ ಮುಚ್ಚಳ, ಅದೇ ಟಿಕಳಿ. ಒಂದು ಬದಲಾತು ಅಂದ್ರೂ ನಾ ಸುಮ್ನ ಇರಾವಲ್ಲ, ನೆನಪಿರಲಿ” ಎಂದು ಬೆರಳು ತೋರಿಸಿ ಒಪ್ಪಿದೆ.

ಮರುದಿನದಿಂದ ಮುಂಜಾನೆಯ ಪ್ಯಾಸೆಂಜರ್ ಹಿಡಿದು ಶಹಾಬಾದಿಗೆ ಹೋಗಿ ಅವನ ಶೆಡ್ಡಿನಲ್ಲಿ ಕುರ್ಚಿ ಹಾಕಿಕೊಂಡು ಕೂರುವುದು ಶುರುಮಾಡಿದೆ. ರಸೂಲನ ಹೆಂಡತಿ ಸರ್ವರಬೇಗಂ ಪರದೆಯ ಅಂಚಿನಿಂದ ಚಾ ಕಳಿಸುತ್ತಿದ್ದಳು. ಕುಡಿಯುತ್ತಿದ್ದೆ, ಕಣ್ಣು ಮಾತ್ರ ಅವನ ಕೈಮೇಲೆ. ಅವನು ಬಾಗಿಲಿನ ಪಟ್ಟಿಗಳನ್ನು ಹಲ್ಲುಜ್ಜುವ ಬ್ರಶ್ಶಿನಿಂದ ತೊಳೆದ. ಗೀರುಗಳನ್ನು ನೀರಲ್ಲಿ ಅದ್ದಿದ ಉಪ್ಪುಕಾಗದದಿಂದ ತಿಕ್ಕಿದ, ತಿಕ್ಕಿ ಕಣ್ಣು ಮುಚ್ಚಿ ಬೆರಳಾಡಿಸಿ ನೋಡಿದ. ಅವನ ಕೆಲಸದಲ್ಲಿ ತಪ್ಪು ಹುಡುಕಿದೆ, ಸಿಗಲಿಲ್ಲ. ಅದರಿಂದ ಅನುಮಾನ ಇನ್ನೂ ಹೆಚ್ಚಾಯಿತು.

ಮೂರನೆಯ ದಿನ ಹೋದಾಗ ಮೇಜಿನ ಮೇಲೆ ಮುಚ್ಚಳ ಇರಲಿಲ್ಲ.

“ಎಲ್ಲಿ?” ಎಂದೆ.

“ಒಳಗ ಇಟ್ಟೀನ್ರಿ. ಇಲ್ಲಿ ಫರಸಿ ಧೂಳ ಭಾಳ.” ಇಷ್ಟು ಹೇಳಿ ಅವನು ನನ್ನ ಮುಖ ನೋಡಲಿಲ್ಲ. ಇಷ್ಟು ದಿನ ಇರದ ಧೂಳು ಇವತ್ತು ಬಂತೇನು?

ನಾಲ್ಕನೆಯ ದಿನ ಅವನು ಕೆಲಸ ಬಿಟ್ಟು ನನ್ನೆದುರು ಕುಕ್ಕರುಗಾಲಲ್ಲಿ ಕುಳಿತ. ಕನ್ನಡಕ ತೆಗೆದು ಒರೆಸಿದ, ಮತ್ತೆ ಹಾಕಿಕೊಂಡ. “ಸಾಹೇಬ್ರ, ಒಂದು ಮಾತು ಕೇಳ್ತೀನಿ, ಸಿಟ್ಟಾಗಬ್ಯಾಡ್ರಿ. ಆ ಮುಚ್ಚಳಕ್ಕ ನೀವೇನರ ಮಾಡಿದ್ರೇನ್ರಿ ಮೊದಲು? ಅಂಚಿಗಿ?”

ಗುರುತು ಹುಡುಕುತ್ತಿದ್ದಾನೆ! ಎಲ್ಲೆಲ್ಲಿ ಗುರುತು ಇದೆ ಎಂದು ನನ್ನ ಬಾಯಿಂದಲೇ ತಿಳಿದುಕೊಂಡು, ಕಳ್ಳ ಮುಚ್ಚಳಕ್ಕೂ ಅಂಥದ್ದೇ ಕೂಡಿಸುವ ಹಂಚಿಕೆ. ಇಂಥ ಎಷ್ಟು ಜನರನ್ನು ಕಂಡಿಲ್ಲ!

“ಇಲ್ಲಪ್ಪ, ನಾ ಯಾಕ ಏನ್ ಮಾಡ್ಲಿ?” ಎಂದೆ, ಮುಖದ ಒಂದು ಗೆರೆಯೂ ಅಲುಗದ ಹಾಗೆ.

“ಏನೂ ಇಲ್ಲ?”

“ಏನೂ ಇಲ್ಲ ಅಂತ ಹೇಳಿನಲ್ಲ.”

ಅವನು ತಲೆ ತಗ್ಗಿಸಿ ಎದ್ದುಹೋದ. ಅವತ್ತು ಊಟಕ್ಕೂ ಎದ್ದಂತೆ ಕಾಣಲಿಲ್ಲ, ಸರ್ವರಬೇಗಂ ಎರಡು ಸಲ ಕರೆದು ಸುಮ್ಮನಾದಳು. ತಪ್ಪಿತಸ್ಥನಿಗೆ ಅನ್ನ ಎಲ್ಲಿ ಇಳಿಯುತ್ತದೆ ಎಂದುಕೊಂಡೆ.

ಐದನೆಯ ದಿನ ಹೋಗಲಿಲ್ಲ. ದಿನಾ ಬರುವ ಟಿಸಿಗೆ ಯಾರೂ ಸಿಕ್ಕಿಬೀಳುವುದಿಲ್ಲ. ಆರನೆಯ ದಿನ ಹೇಳದೆ ಕೇಳದೆ ಮಧ್ಯಾಹ್ನ ಹೋಗಿ ನಿಂತೆ. ಶೆಡ್ಡಿಗೆ ಬೀಗ. ಮನೆಯ ಬಾಗಿಲು ಬಡಿದೆ.

“ಅವರಿಲ್ರಿ ಭಾಯಿಸಾಬ್, ಚಿಂಚೋಳಿಗಿ ಹೋಗ್ಯಾರ” ಎಂದಳು ಸರ್ವರಬೇಗಂ, ಪರದೆ ಅರ್ಧ ಸರಿಸಿ.

“ಚಿಂಚೋಳಿಯಾಗ ಏನದ?”

“ಏನೋ ಸಾಮಾನ ತರಲಿಕ್ಕರಿ. ನನಗ ಗೊತ್ತಿಲ್ಲ.” ಸೆರಗನ್ನು ತಲೆಯ ಮೇಲೆ ಎರಡು ಸಲ ಎಳೆದುಕೊಂಡಳು. ಗೊತ್ತಿಲ್ಲದವರು ಸೆರಗು ಒಂದೇ ಸಲ ಎಳೆದುಕೊಳ್ಳುತ್ತಾರೆ.

ಆಗ ಅವಳ ಹೆಗಲ ಮೇಲಿಂದ ಒಳಗಿನ ಗೋಡೆಯ ಕನ್ನಡಿ ಕಾಣಿಸಿತು. ಕನ್ನಡಿಯ ಅಂಚಿಗೆ ಸಾಲಾಗಿ ಟಿಕಳಿಗಳು. ಕಡುಗೆಂಪು, ಮಖಮಲ್ಲಿನವು, ರೂಪಾಯಿಯಷ್ಟು ಅಗಲ. ಹಣೆಗೆ ಟಿಕಳಿ ಇಡದ ಮನೆಯಲ್ಲಿ ಟಿಕಳಿ ಯಾಕೆ? ನನ್ನ ಭೀಮಬಾಯಿಯ ಇಷ್ಟು ವರ್ಷಗಳನ್ನು ಒಂದೊಂದಾಗಿ ಸುಲಿದು ಇವರು ಕನ್ನಡಿಗೆ ಅಂಟಿಸಿಕೊಂಡು ಕೂತಿದ್ದಾರೆ! ಒದರಬೇಕೆಂದವನು ಹಲ್ಲು ಕಚ್ಚಿ ಸುಮ್ಮನಾದೆ. ಸಾಕ್ಷಿ ಪೂರ್ತಿ ಸಿಗುವತನಕ ಟಿಸಿ ಬಾಯಿ ಬಿಡಬಾರದು.

ಬಸ್ ಸ್ಟ್ಯಾಂಡಿನ ಕಡೆ ನಡೆದೆ. ಅಲ್ಲೇ ಸಿಕ್ಕ, ಬಸ್ಸಿನಿಂದ ಇಳಿಯುತ್ತಿದ್ದ ರಸೂಲ. ಹೆಗಲಿಗೆ ಗೊಬ್ಬರದ ಚೀಲ. ನಾನು ಕಬ್ಬಿನಹಾಲಿನ ಗಾಡಿಯ ಹಿಂದೆ ಸರಿದು ನಿಂತೆ. ಚೀಲದ ಬಾಯಿಂದ ಒಂದು ಮೂಲೆ ಹೊರಗೆ ಕಾಣುತ್ತಿತ್ತು. ಸಾವಿರ ಸಾಮಾನಿನ ನಡುವೆ ಇಟ್ಟರೂ ಗುರುತು ಹಿಡಿಯುತ್ತಿದ್ದೆ: ಕಾಂಟೆಸ್ಸಾದ ಖಾನೆಯ ಮುಚ್ಚಳ. ನಮ್ಮದಲ್ಲ, ಇನ್ಯಾವುದೋ ಗಾಡಿಯದು, ಮೂಲೆ ಮುರಿದದ್ದು.

ಸಿಕ್ಕಿದೆಯಾ ಮಗನೆ, ಎಂದುಕೊಂಡೆ. ಖುಷಿಯಾಗಬೇಕಿತ್ತು. ವಾಡಿಯತನಕ ರೈಲಿನಲ್ಲಿ ಕಣ್ಣೀರು ಒರೆಸಿಕೊಳ್ಳುತ್ತ ಬಂದೆ. ಹಾಗಾದರೆ ಅವಳ ಮುಚ್ಚಳ ಎಲ್ಲಿ ಹೋಯಿತು? ಯಾವ ತಿಪ್ಪೆಗೆ?

ಹತ್ತನೆಯ ದಿನ ‘ಗಾಡಿ ತಯಾರ ಅದರಿ, ಬರ್ರಿ’ ಎಂದು ಫೋನು ಬಂತು. ರಮೇಶಕುಮಾರನನ್ನು ಸಾಕ್ಷಿಗೆ ಕರೆದುಕೊಂಡೆ. ಅವನು ಇಸ್ತ್ರಿ ಅಂಗಿ ಹಾಕಿಕೊಂಡು ಮದುವೆಗೆ ಹೊರಟವನ ಹಾಗೆ ಬಂದ. ಪಂಚು ನನ್ನ ಜೇಬಿನಲ್ಲಿತ್ತು.

ಶೆಡ್ಡಿನ ನೆರಳಲ್ಲಿ ಕಾರು ನಿಂತಿತ್ತು. ಬಾಗಿಲು ತೆಗೆದೆ. ಒಳಗೆಲ್ಲ ಹುಣಸೆ ಬೀಜದ ಬಣ್ಣ. ದಟ್ಟ ಕಂದು, ಒಳಗಿನಿಂದ ಮಿಂಚುವಂಥದ್ದು. ಚೆಂದವಿತ್ತು, ಸುಳ್ಳು ಯಾಕೆ ಹೇಳಲಿ. ಆದರೆ ನಮ್ಮ ಗಾಡಿಯಲ್ಲಿ ನಾನು ಎಂದೂ ಕಾಣದ ಬಣ್ಣ. ಮುಚ್ಚಳದ ಮೇಲೆ ಟಿಕಳಿ ಇರಲಿಲ್ಲ.

“ಇದು ನಮ್ಮ ಗಾಡಿ ಬಣ್ಣ ಅಲ್ಲ” ಎಂದೆ.

“ಅದೇರಿ ಸಾಹೇಬ್ರ. ನೀವು ಮರ್ತೀರಿ” ಎಂದ ರಸೂಲ.

ನಾನು ಮರೆತಿದ್ದೇನಂತೆ! ಬಾಗಿಲಿನ ಪಟ್ಟಿಯ ಹಿಂದೆ ಬೆರಳು ಹಾಕಿದೆ. ಅರ್ಧಚಂದ್ರ ಸಿಕ್ಕಿತು. ಇನ್ನೊಂದು ಪಟ್ಟಿ, ಇತ್ತು. ಗೇರಿನ ಚೌಕಟ್ಟು, ಇತ್ತು. ಬಲತುದಿಯ ಪಟ್ಟಿ, ಅಲ್ಲೂ ಇತ್ತು. ಮುಚ್ಚಳ ತೆರೆದು ಅಂಚಿಗೆ ಬೆರಳಾಡಿಸಿದೆ. ಈ ಕಡೆಯಿಂದ ಆ ಕಡೆಗೆ, ಆ ಕಡೆಯಿಂದ ಈ ಕಡೆಗೆ. ನುಣುಪು. ಏನೂ ಇಲ್ಲ.

“ಕಳ್ಳ!” ಎಂದು ಕೂಗಿದೆ. ಮಿಲ್ಲು ನಿಂತಿತು, ಆಳುಗಳು ಬಿಳಿ ಕೆಸರಿನ ಕೈಯಲ್ಲೇ ಓಡಿಬಂದರು. “ನೋಡ್ರಿ ಎಲ್ಲಾರೂ ಬಂದು! ನನ್ನ ಮುಚ್ಚಳ ಮಾರ್ಕೊಂಡಾನ ಈ ಮನಷ್ಯ! ಚಿಂಚೋಳಿಯಿಂದ ಗುಜರೀದು ಹೊತ್ಕೊಂಡು ಬಂದದ್ದು ನಾ ಈ ಕಣ್ಣಲೆ ನೋಡೀನಿ! ನಮ್ಮ ಮನಿಯಾಕಿ ಟಿಕಳಿ ಕಿತ್ತು ಇವರ ಕನ್ನಡಿಗಿ ಅಂಟಸ್ಯಾರ! ನಂಬ್ರಿ ಅಂದಿದ್ದಿಲ್ಲ? ಇದೇನು ನಂಬಿಕಿ?”

ರಮೇಶಕುಮಾರ “ನಾ ಮೊದಲೇ ಹೇಳಿದ್ದೆ” ಎಂದು ಆಳುಗಳಿಗೆ ಹೇಳುತ್ತಿದ್ದ.

ರಸೂಲನ ಮುಖ ಬೂದಿಯಾಗಿತ್ತು. “ನಿಮ್ಮದಲ್ಲ ಅಂತ ಹೆಂಗ ಹೇಳ್ತೀರಿ ಸಾಹೇಬ್ರ?”

“ಹೆಂಗಂತೀ? ಹಿಂಗ!” ಜೇಬಿನಿಂದ ಪಂಚು ತೆಗೆದು ಅವನ ಮೂಗಿನ ಮುಂದೆ ಹಿಡಿದೆ. ಟಕ್ ಟಕ್ ಎಂದು ಎರಡು ಸಲ ಗಾಳಿ ಕಚ್ಚಿಸಿ ತೋರಿಸಿದೆ. “ಕೊಡೂಕಿಂತ ಮೊದಲು ಐದಕ್ಕೂ ಗುರುತು ಹಾಕೀನಿ. ನಾಕರಾಗ ಅದ, ಇದರಾಗ ಇಲ್ಲ. ಈಗ ಮಾತಾಡು!”

ಅವನು ಪಂಚನ್ನೇ ನೋಡುತ್ತ ನಿಂತ. ಕೈ ಚಾಚಿ ಅದನ್ನು ತೆಗೆದುಕೊಂಡು, ಹೆಬ್ಬೆರಳಿನಿಂದ ಅದರ ಹಲ್ಲನ್ನು ಸವರಿದ. ಆಮೇಲೆ ಎರಡು ಸ್ಕ್ರೂ ಬಿಚ್ಚಿ ಮುಚ್ಚಳವನ್ನು ಹೊರಗೆ ತಂದು ಬಿಸಿಲಿಗೆ ಮಗುಚಿ ಹಿಡಿದ.

ಕಪ್ಪು ಹಿಂಬದಿಯ ಮೇಲೆ ಒಂದು ಹೊಲಿಗೆಯಂಥ ಗೆರೆ. ಅಂಚಿನಿಂದ ಹೊರಟು, ಸೊಟ್ಟಸೊಟ್ಟಗೆ ಮುಚ್ಚಳದ ನಡುವಿನತನಕ ಬಂದಿತ್ತು.

“ಬಿಸಿ ಗಾಳಿ ಕೊಡೂವಾಗ ಇಲ್ಲಿಂದ ಸೀಳ್ತುರಿ” ಎಂದ, ಗೆರೆ ಹುಟ್ಟಿದ ಅಂಚಿನ ಮೇಲೆ ಬೆರಳಿಟ್ಟು. “ನನ್ನ ಕೈಯಾಗೇ ಚರ್ರ್ ಅಂತ ಎರಡ ಭಾಗ ಆಗ್ಲಿಕತ್ತಿತ್ತು. ಅಂಚಿಗಿ ಒಂದು ಕಚ್ಚು ಕಂಡಿತು. ಉಳಿದ ನಾಕರಾಗೂ ಅಂಥದ್ದೇ ಇತ್ತು. ಅದಕ್ಕೇ ನಿಮಗ ಕೇಳಿದೆ. ನೀವು ಇಲ್ಲ ಅಂದ್ರಿ. ದೊಡ್ಡ ಮನಷ್ಯಾರು ಇಲ್ಲ ಅಂದ ಮ್ಯಾಲ ಇಲ್ಲ. ಕಂಪನಿಯವರೇ ಮಾಡಿದ್ದಿರಬೇಕು, ಸೀಳಿದ್ದು ನನ್ನ ಕೈ ತಪ್ಪು ಅಂತ ತಿಳ್ಕೊಂಡೆ.”

ನನ್ನ ಕಿವಿಯಲ್ಲಿ ಆ ಕಿರ್ ಎಂಬ ಸದ್ದು ಬಂತು.

“ಇದನ್ನ ಬೆಸೀಬೇಕಂದ್ರ ಇದರದೇ ಜಾತಿ ಪ್ಲಾಸ್ಟಿಕ್ ಬೇಕ್ರಿ, ಬ್ಯಾರೆ ಕೂಡಂಗಿಲ್ಲ. ಚಿಂಚೋಳಿಯಾಗ ಒಬ್ಬರ ಹಿತ್ತಲದಾಗ ಇದೇ ಗಾಡಿ ಕೊಳೀಲಿಕತ್ತದ ಅಂತ ಕೇಳಿ ಹೋಗಿ, ಅದರ ಮುಚ್ಚಳ ತಂದೆ. ಸೀಳಿ ಕಡ್ಡಿ ಮಾಡಿ, ಕರಗಿಸಿ ಇದರಾಗ ತುಂಬೀನಿ. ನಿಮ್ಮ ಕಚ್ಚೂ ಅದರಾಗ ತುಂಬಿ ಹೋತು.” ಅವನು ಮೇಜಿನ ಕೆಳಗಿನಿಂದ ಚೀಲ ಎಳೆದು ಸುರಿದ. ಮೂಲೆ ಮುರಿದ ಆ ಇನ್ನೊಂದು ಮುಚ್ಚಳದ ಅರ್ಧ, ಕಡ್ಡಿ ಕತ್ತರಿಸಿದ ಚೂರುಗಳು. “ಸತ್ತವರ ವಸ್ತು ಒಡದೆ ಅಂತ ಆರು ದಿನ ಉಂಡಿಲ್ರಿ ನಾ. ನಿಮ್ಮ ಮಾರಿ ನೋಡ್ಲಿಕ್ಕ ಆಗಲಿಲ್ಲ. ಕೇಳಿದ್ದೆನಲ್ರಿ ಸಾಹೇಬ್ರ ನಿಮಗ. ಒಂದು ಸಲ ಹೂಂ ಅಂದಿದ್ರ ನಾ ನನ್ನ ಮನಿಯಾಗ ಕಳ್ಳನಂಗ ಇರತಿದ್ದಿಲ್ಲ.”

ರಮೇಶಕುಮಾರ ತನ್ನ ಚಪ್ಪಲಿ ನೋಡಿಕೊಳ್ಳುತ್ತಿದ್ದ.

ಪರದೆ ಸರಿಸಿ ಸರ್ವರಬೇಗಂ ಹೊರಗೆ ಬಂದಳು. ಕೈಯಲ್ಲಿ ಗೋಡೆಯಿಂದ ತೆಗೆದ ಅದೇ ಕನ್ನಡಿ. ಅಂಚಿನ ಸುತ್ತ ಟಿಕಳಿಗಳು, ತಳದಲ್ಲಿದ್ದ ಮೊದಲಿನದು ಹೊಸದರಂತೆ, ಮೇಲಿದ್ದ ಕೊನೆಯದು ಬಿಸಿಲಿಗೆ ಮಾಸಿದ್ದು.

“ಬಿಸಿ ನೀರಿನ ಹಬೆ ಹಿಡದು ಒಂದೊಂದೇ ಬಿಡಸೀನ್ರಿ ಭಾಯಿಸಾಬ್” ಎಂದಳು. ಅವಳ ದನಿಯಲ್ಲಿ ಸಿಟ್ಟಿತ್ತು, ಇರಲೇಬೇಕು. “ಕಾಗದಕ್ಕ ಅಂಟಸಿದ್ರ ಹರೀತಾವ ಅಂತ ಕನ್ನಡಿಗಿ ಅಂಟಸಿದೆ. ಇಪ್ಪತ್ತಾರು ಅವ. ಸರತಿ ತಪ್ಪಿಲ್ಲ, ಎಣಸ್ಕೋರಿ.”

ತೊಂಬತ್ತಾರರಿಂದ ಅವಳು ಹೋದ ವರ್ಷದ ಹಿಂದಿನ ದಸರೆಯತನಕ, ಇಪ್ಪತ್ತಾರೇ. ನಾನು ಎಣಿಸಲಿಲ್ಲ.

ರಸೂಲ ಮುಚ್ಚಳವನ್ನು ಮುಂಬದಿಗೆ ತಿರುಗಿಸಿದ. “ಬಿಸಲು ಬೀಳಲಾರದ ಜಾಗ ಹುಡುಕಲಿಕತ್ತಿದ್ದೆನಲ್ರಿ. ಇದರ ತೆಳಗ ಸಿಕ್ತು. ಟಿಕಳಿ ಎಬ್ಬಸಿದ್ರ ಒಂದು ಗೋಲ್, ಇದೇ ಬಣ್ಣ, ಆವತ್ತು ಬಂದಂಗೇ ಇತ್ತು. ಅದನ್ನ ನೋಡಿ ಉಳಿದದ್ದೆಲ್ಲ ಹೊಂದಿಸೀನಿ. ಸೀಳು ಅದರ ದಂಡಿಗಿ ಬಂದು ನಿಂತದ, ಒಳಗ ಹೋಗಿಲ್ಲ. ಆ ಗೋಲ್ ಮಾತ್ರ ನಾ ಮುಟ್ಟಿಲ್ಲರಿ.”

ನಾನು ಬಗ್ಗಿ ನೋಡಿದೆ. ಎಲ್ಲವೂ ಒಂದೇ ಬಣ್ಣ, ಯಾವುದು ಗೋಲ್ ಎಂದು ಕಣ್ಣಿಗೆ ಕಾಣಲಿಲ್ಲ. ಬೆರಳಿನಿಂದ ಹುಡುಕಿದೆ. ರೂಪಾಯಿಯಷ್ಟು ಜಾಗ ಉಳಿದದ್ದಕ್ಕಿಂತ ಒಂದಿಷ್ಟು ಒರಟಾಗಿತ್ತು. ಪೂಜೆಯ ದಿನದ ಕಾರು ನೆನಪಾಯಿತು: ಹುಣಸೆ ಬೀಜದ ಬಣ್ಣದ ಮೇಲೆ ಕೆಂಪು ಟಿಕಳಿ, ಅದನ್ನು ಒತ್ತಿ ಹಿಡಿದ ಅವಳ ಹೆಬ್ಬೆರಳು. ಅವನು ಹೇಳಿದ್ದು ಖರೆ. ನಾನು ಮರೆತಿದ್ದೆ. ಇಪ್ಪತ್ತಾರು ಟಿಕಳಿ ಕಾಯ್ದುಕೊಂಡಿದ್ದ ಮುಚ್ಚಳವನ್ನು ಒಡೆದವನೂ ನಾನೇ.

“ರಸೂಲಭಾಯಿ…” ಎಂದೆ. ಮೂವತ್ತಮೂರು ವರ್ಷದಲ್ಲಿ ಯಾರ ಮುಂದೂ ತಪ್ಪಾಯಿತು ಎಂದು ಹೇಳಿ ರೂಢಿ ಇಲ್ಲ.

ಅವನು ಕಾಯಲೂ ಇಲ್ಲ. ಮುಚ್ಚಳ ಕೂಡಿಸಿ ಸ್ಕ್ರೂ ಬಿಗಿದ. “ಹೋಗಿ ಬರ್ರಿ ಸಾಹೇಬ್ರ. ಪಂಚು ಇಲ್ಲೇ ಇರಲಿ. ಉಳಿದ ನಾಕಾದ್ರೂ ಉಳೀಲಿ.” ಆಳೊಬ್ಬ ಕಿಸಕ್ಕೆಂದು ನಕ್ಕ. ರಸೂಲ ನಗಲಿಲ್ಲ.

ಸರ್ವರಬೇಗಂ ಕನ್ನಡಿಯನ್ನು ಹಳೆಯ ದುಪಟ್ಟಾದಲ್ಲಿ ಸುತ್ತಿ ಹಿಂದಿನ ಸೀಟಿನ ಮೇಲಿಟ್ಟಳು. ರಮೇಶಕುಮಾರ ಮುಂದೆ ಕೂರಲು ಬಂದ. “ಹಿಂದ ಕುಂದ್ರು, ಕನ್ನಡಿ ಹಿಡ್ಕೊ” ಎಂದೆ. ಎಂದೂ ಬಾಯಿ ಮುಚ್ಚದವನು ತೊಡೆಯ ಮೇಲೆ ಕನ್ನಡಿ ಇಟ್ಟುಕೊಂಡು ಗಪ್ಪಗೆ ಕುಳಿತ.

ವಾಡಿಯ ಹತ್ತಿರ ರೈಲ್ವೆ ಗೇಟು ಬಿದ್ದಿತ್ತು. ಗಾಜಿನಿಂದ ಬಿಸಿಲು ನೇರ ಮುಚ್ಚಳದ ಮೇಲೆ ಬೀಳುತ್ತಿತ್ತು. ಹೆಗಲ ಮೇಲಿನ ಟವೆಲ್ಲು ತೆಗೆದು ಅದಕ್ಕೆ ಹೊದಿಸಿದೆ. ಗೂಡ್ಸ್ ಗಾಡಿ ಹೋಗುತ್ತಲೇ ಇತ್ತು, ಮುಗಿಯಲೊಲ್ಲದು.

“ರಮೇಶ” ಎಂದೆ, ಹಿಂದೆ ತಿರುಗದೆ. “ಊರಾಗ ಏನ್ ಹೇಳಾವ ಇದ್ದಿ?”

“ಏನೂ ಇಲ್ಲ ಬಿಡು. ಯಾರಿಗೂ ಹೇಳಂಗಿಲ್ಲ ನಾ, ನಿನ್ನ ಆಣಿ.”

“ಹೇಳು” ಎಂದೆ. “ಒಡದಾಂವ ಶಿವರಾಯ, ಕಳ್ಳ ಅಂತ ಒದರಿದಾಂವ ಶಿವರಾಯ, ರಸೂಲ ಜೋಡಿಸಿ ಕೊಟ್ಟ ಅಂತ ಹೇಳು. ಒಂದು ಮಾತೂ ಬಿಡಬ್ಯಾಡ. ಸಂಜಿಯೊಳಗ ಹೇಳು.”

ಆ ಕೆಲಸದಲ್ಲಿ ಅವನು ಎಂದೂ ತಡ ಮಾಡಿದವನಲ್ಲ. ಮರುದಿನ ಮುಂಜಾನೆ ಹಾಲು ಹಾಕುವ ಅಮೀರ್‌ಬೀ ಪಾತ್ರೆಗೆ ಹಾಲು ಸುರಿಯುತ್ತ, ನನ್ನ ಮುಖ ನೋಡದೆ ಕೇಳಿದಳು: “ಸಾಹೇಬ್ರ, ಆ ಮುಚ್ಚಳ ನೀವೇ ಒಡದ್ರಂತಲ್ರಿ?”

ಪಾತ್ರೆಯನ್ನು ಕೆಳಗಿಟ್ಟೆ.

“ಹೂಂ” ಎಂದೆ. “ನಾನೇ.”